ಬಿಚ್ಚದೆ ಕೂಡಿಸಿದ ಪಂಪು

ಕಾಕ್ಸ್ ಟೌನ್, ಬೆಂಗಳೂರು
೧೦ ಡಿಸೆಂಬರ್ ೨೦೨೪, ಮಂಗಳವಾರ

ನನ್ನವ್ವ ಸೌಂದರ್ಯಾ,

ಹೇಗಿದ್ದೀಯ? ಪುಣೆಯಲ್ಲಿ ಈ ಸಲ ಚಳಿ ಜೋರು ಎಂದು ಪೇಪರಿನಲ್ಲಿ ನೋಡಿದೆ. ಹಾಸ್ಟೆಲಿನಲ್ಲಿ ಬೆಳಿಗ್ಗೆ ಬಿಸಿನೀರು ಸಿಗುತ್ತಿದೆಯೇ? ನಿನ್ನ ಕೆಮ್ಮು ಪೂರ್ತಿ ನಿಂತಿತೋ, ಇಲ್ಲ ಫೋನಿನಲ್ಲಿ ನಮಗೆ ಕೇಳಿಸಬಾರದೆಂದು ತಡೆದುಕೊಳ್ಳುತ್ತಿದ್ದೀಯೋ? ಹೊಗೆ ನಿನಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ. ಎಂಜಿನ್ ಓಡಿಸಿ ನೋಡುವ ಕೋಣೆಯಲ್ಲಿ ನಿಲ್ಲುವಾಗ ಮೂಗಿಗೆ ದುಪಟ್ಟಾ ಕಟ್ಟಿಕೋ, ಆದರೆ ಅದರ ತುದಿ ಬೆಲ್ಟಿನ ಹತ್ತಿರ ಜೋತಾಡದ ಹಾಗೆ ಒಳಗೆ ಸಿಕ್ಕಿಸಿಕೋ. ಇಲ್ಲಿ ನಾವು ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಿಮ್ಮವ್ವ ಎರಡು ಮನೆಯ ಅಡುಗೆಯ ಜೊತೆಗೆ ಮೂರನೆಯ ಫ್ಲ್ಯಾಟನ್ನೂ ಒಪ್ಪಿಕೊಂಡಿದ್ದಾಳೆ, ಬೇಡವೆಂದರೆ ಕೇಳುವುದಿಲ್ಲ. ನಮ್ಮ ಎದುರಿನ ಹೆಂಚಿನ ಮನೆಯನ್ನು ಕೆಡವುತ್ತಿದ್ದಾರೆ, ಒಗೆದ ಬಟ್ಟೆಯ ಮೇಲೆಲ್ಲ ಕೆಂಪು ಧೂಳು. ನಿನಗೆಂದು ಅವಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಾಳೆ, ಅದು ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ. ರೂಮಿನ ಹುಡುಗಿಯರಿಗೂ ಕೊಡು. ನಿಮ್ಮ ಮಧುಕರ್ ಸರ್‌ಗೂ ನಾಲ್ಕು ರೊಟ್ಟಿ ಕೊಡಬೇಕಂತೆ. ಇದನ್ನು ಹೇಳಿದ್ದು ನಿಮ್ಮವ್ವ, ನಾನಲ್ಲ.

ಫೋನ್ ಇರುವಾಗ ಅಪ್ಪ ಪತ್ರ ಯಾಕೆ ಬರೆದ ಎಂದು ನೀನು ಬೆರಗಾಗಬಹುದು. ಫೋನಿನಲ್ಲಿ ನಾನು ಎರಡು ಮಾತಿಗೆ ಸಿಟ್ಟಾಗುತ್ತೇನೆ, ನೀನು ಸುಮ್ಮನಾಗುತ್ತೀಯ, ಆಮೇಲೆ ನಿಮ್ಮವ್ವ ಫೋನ್ ಕಿತ್ತುಕೊಂಡು ಊಟದ ವಿಚಾರ ಶುರು ಮಾಡುತ್ತಾಳೆ. ಮೊನ್ನೆ ಭಾನುವಾರವೂ ಹಾಗೇ ಆಯಿತು. ಹತ್ತು ದಿನದಿಂದ ನಡೆದದ್ದನ್ನು ಒಂದು ಸಲಕ್ಕೆ, ನಡುವೆ ಯಾರೂ ಬಾಯಿ ಹಾಕದ ಹಾಗೆ ಹೇಳಬೇಕಾಗಿದೆ. ಒಂಬತ್ತನೇ ಕ್ಲಾಸಿಗೆ ಕುಷ್ಟಗಿಯಲ್ಲಿ ಶಾಲೆ ಬಿಟ್ಟವನು ನಾನು, ಅಕ್ಷರ ನೋಡಿ ನಗಬೇಡ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಿಮ್ಮ ಮಧುಕರ್ ಸರ್ ಅವರನ್ನು ಕಂಡರೆ ನನಗೆ ಆಗುವುದಿಲ್ಲ. ಕಂಡೇ ಇಲ್ಲ, ಆದರೂ ಆಗುವುದಿಲ್ಲ. ಜೂನ್ ತಿಂಗಳಲ್ಲಿ ನಿನ್ನನ್ನು ಆ ಕಾರ್ಖಾನೆಯ ತರಬೇತಿ ಶಾಲೆಗೆ ಬಿಟ್ಟು ಬಂದಾಗ, ನನ್ನ ಮಗಳಿಗೆ ಅಲ್ಲಿ ಕಲಿಸಲು ಏನೂ ಉಳಿದಿಲ್ಲ, ಸರ್ಟಿಫಿಕೇಟು ಒಂದು ತಂದುಕೊಂಡರೆ ಸಾಕು ಎಂದು ಶಿವಾಜಿನಗರದ ನಮ್ಮ ಗ್ಯಾರೇಜಿನ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಏಳನೇ ಕ್ಲಾಸಿನ ರಜೆಯಲ್ಲಿ ನಮ್ಮ ಗ್ಯಾರೇಜಿಗೆ ಬಂದು ಬೋಲ್ಟುಗಳನ್ನು ಅಳತೆಯ ಪ್ರಕಾರ ಡಬ್ಬಗಳಿಗೆ ಹಾಕಿದವಳು ನೀನು. ಬೇರಿಂಗಿನ ಸದ್ದನ್ನು ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳುವುದನ್ನು ನಾನು ಕಲಿಸಿದೆ. ನಟ್ಟು ಎಷ್ಟು ಬಿಗಿದರೆ ಸಾಕು ಎಂಬುದನ್ನು ನಿನ್ನ ಕೈಯ ಮೇಲೆ ನನ್ನ ಕೈಯಿಟ್ಟು ತೋರಿಸಿದೆ. ಆದರೆ ಜುಲೈ ಮುಗಿಯುವುದರೊಳಗೆ ನಿನ್ನ ಬಾಯಲ್ಲಿ ಬರೀ ಸರ್, ಸರ್. ಸರ್ ಹೀಗೆ ಹೇಳಿದರು, ಸರ್ ಹಾಗೆ ಮಾಡಲ್ಲ, ಸರ್ ಪ್ರಕಾರ ಇದು ತಪ್ಪು. ದೀಪಾವಳಿಗೆ ನೀನು ಫೋನಿನ ಸ್ಟೇಟಸ್ಸಿನಲ್ಲಿ ಒಂದು ಫೋಟೊ ಹಾಕಿದ್ದೆಯಲ್ಲ, ಬಿಚ್ಚಿದ ಎಂಜಿನ್ನಿನ ಸುತ್ತ ನೀವೆಲ್ಲ ನಿಂತು ಅವರು ಏನನ್ನೋ ಬೆರಳಿಟ್ಟು ತೋರಿಸುತ್ತಿರುವುದು. ಬೇರೆಯವರೆಲ್ಲ ಎಂಜಿನ್ ನೋಡುತ್ತಿದ್ದಾರೆ, ನೀನು ಒಬ್ಬಳೇ ಅವರ ಮುಖ ನೋಡುತ್ತಿದ್ದೀಯ. ಆ ನೋಟ ನನಗೆ ಗೊತ್ತು. ಹತ್ತು ವರ್ಷ ಅದು ನನ್ನದಾಗಿತ್ತು. ಸ್ಟೇಟಸ್ಸು ಒಂದು ದಿನಕ್ಕೆ ಹೋಗಿಬಿಡುತ್ತದೆಂದು ಅದನ್ನು ಉಳಿಸಿಕೊಂಡೆ, ಆಮೇಲೆ ಎಷ್ಟೋ ಸಲ ದೊಡ್ಡದು ಮಾಡಿ ಅವರ ಉಗುರು ನೋಡಿದೆ. ಸ್ವಚ್ಛವಾಗಿದ್ದರೆ ಕೈಕೆಲಸ ಮಾಡದ ಮೇಷ್ಟ್ರು ಎಂದು ಬೈಯಬಹುದಿತ್ತು. ಉಗುರಿನ ಸಂದಿಯಲ್ಲಿ ಕಪ್ಪು ಇತ್ತು. ಅದಕ್ಕೂ ನನಗೆ ಸಂಕಟವಾಯಿತು. ನಿಮ್ಮವ್ವ ಪಕ್ಕದಲ್ಲಿ ಕೂತು ನೋಡಿ, "ಏನ್ರೀ, ನಿಮಗ ಹೊಟ್ಟಿಕಿಚ್ಚು ಅದ. ಬ್ಯಾರೆ ಏನೂ ಅಲ್ಲ" ಎಂದಳು. ನಾನು ಎದ್ದು ಹೋದೆ.

ಈಗ ಮಾರಿಯಾ ಆಂಟಿಯ ವ್ಯಾನಿನ ಸಂಗತಿ. ನಮ್ಮ ಚರ್ಚಿನ ಹಿಂದಿನ ಬೀದಿಯ ಬೇಕರಿಯ ವ್ಯಾನು, ನಿನಗೆ ಗೊತ್ತು, ಬೆಳಿಗ್ಗೆ ಬ್ರೆಡ್ ತುಂಬಿಕೊಂಡು ಹಲಸೂರು, ಇಂದಿರಾನಗರವೆಲ್ಲ ಸುತ್ತುತ್ತದೆ. ಎಂಜಿನ್ ಸೋತು ಹೊಗೆ ಉಗುಳುತ್ತಿತ್ತು. ನವೆಂಬರ್ ಕೊನೆಗೆ ನನ್ನ ಹತ್ತಿರ ಇಳಿಸಿದರು. "ಹುಲಿಗೆಪ್ಪಾ, ಹದಿನೈದನೇ ತಾರೀಕಿಗೆ ಗಾಡಿ ಬೇಕೇ ಬೇಕಪ್ಪಾ. ಕ್ರಿಸ್ಮಸ್ ಕೇಕ್ ಆರ್ಡರ್ ಎಲ್ಲಾ ಹಿಡಿದ್ಬಿಟ್ಟಿದೀನಿ" ಎಂದು ಅವರು ಮೂರು ಸಲ ಹೇಳಿ ಹೋದರು. ಸಿಲಿಂಡರು ಬೋರ್ ಮಾಡಿಸಿ, ಕ್ರ್ಯಾಂಕ್ ದಂಡ ಗ್ರೈಂಡ್ ಮಾಡಿಸಿ, ಬೇರಿಂಗು ಹೊಸದು ಹಾಕಿದೆ. ಬೇರಿಂಗುಗಳಿಗೆ ಎಣ್ಣೆ ಎತ್ತಿ ಕೊಡುವ ಆಯಿಲ್ ಪಂಪು ಹಳೆಯದು ಸವೆದಿತ್ತು, ಹೊಸದು ತಂದೆ. ಡಿಸೆಂಬರ್ ಒಂದನೇ ತಾರೀಕು ಭಾನುವಾರ ನೀನು ಫೋನ್ ಮಾಡಿದಾಗ ನಾನೇ ಖುಷಿಯಿಂದ ಇದನ್ನೆಲ್ಲ ಹೇಳಿದೆ. ಚೆನ್ನಾಗಿ ಮಾಡಿದೆ ಅಪ್ಪಾ ಎನ್ನುತ್ತೀಯ ಅಂದುಕೊಂಡಿದ್ದೆ. ನೀನು ಕೇಳಿದ್ದು ಒಂದೇ ಮಾತು: "ಅಪ್ಪಾ, ಹೊಸ ಪಂಪನ್ನ ಬಿಚ್ಚಿ ನೋಡಿದ್ಯಾ?" ಡಬ್ಬದಿಂದ ಈಗ ತಾನೆ ತೆಗೆದ ಪಂಪನ್ನು ಯಾರಾದರೂ ಬಿಚ್ಚುತ್ತಾರೇನೇ ಎಂದೆ. "ಸರ್ ಹೇಳ್ತಾರೆ, ಹೊಸದನ್ನೇ ಮೊದ್ಲು ಬಿಚ್ಚಬೇಕಂತೆ. ಹಳೇದಾದ್ರೆ ಇಷ್ಟು ದಿನ ಓಡಿದೆ ಅಂತಾದ್ರೂ ಗೊತ್ತಿರತ್ತೆ" ಎಂದೆ ನೀನು. ಸರ್ ಎಂಬ ಮಾತು ಬಂದದ್ದೇ ತಡ, ನನ್ನ ತಲೆ ಕೆಟ್ಟಿತು. ಇಪ್ಪತ್ತೆರಡು ವರ್ಷದಿಂದ ಎಂಜಿನ್ ಕಟ್ಟುತ್ತಿದ್ದೇನೆ, ಪುಣೆಯವರು ಬಂದು ನನಗೆ ಹೇಳಿಕೊಡಬೇಕಾಗಿಲ್ಲ ಎಂದು ಕೂಗಿದೆ. ನಿಮ್ಮವ್ವ ಫೋನ್ ತೆಗೆದುಕೊಂಡಳು.

ಸೋಮವಾರ ಬೆಳಿಗ್ಗೆ ಪಂಪನ್ನು ಹಾಗೇ ಕೂಡಿಸಿಬಿಡುವುದು ಎಂದು ನಿರ್ಧರಿಸಿಯೇ ಗ್ಯಾರೇಜಿಗೆ ಹೋದೆ. ಮೂರು ಬೋಲ್ಟು, ಹತ್ತು ನಿಮಿಷದ ಕೆಲಸ. ಒಂದು ಬೋಲ್ಟು ಕೈಯಲ್ಲಿ ತಿರುಗಿಸಿದ ಮೇಲೆ ನಿನ್ನ ಮಾತು ಮತ್ತೆ ಕಿವಿಯಲ್ಲಿ ಬಂತು. ಬಿಚ್ಚಿ ನೋಡಿದರೆ ಒಳಗೆ ಎಲ್ಲ ಸರಿಯಾಗಿಯೇ ಇರುತ್ತದೆ, ಫೋಟೊ ತೆಗೆದು ಕಳಿಸಿದರೆ ಆ ಮಧುಕರ್ ಸರ್ ಬಾಯಿ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದೆ. ಕಲಿಯಬೇಕೆಂದು ಬಿಚ್ಚಲಿಲ್ಲ ಅವ್ವಾ, ಅವರನ್ನು ಸೋಲಿಸಬೇಕೆಂದು ಬಿಚ್ಚಿದೆ. ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ ತಳದ ಮುಚ್ಚಳ ತೆಗೆದೆ. ಎರಡು ಹಲ್ಲುಚಕ್ರಗಳೂ ಹೊಳೆಯುತ್ತಿದ್ದವು. ನೋಡು ಎಂದುಕೊಂಡು ಅವನ್ನು ಎತ್ತಿದೆ. ಎಣ್ಣೆ ಒಳಗೆ ಬರುವ ದಾರಿಯಲ್ಲಿ, ಕಾರ್ಖಾನೆಯಲ್ಲಿ ಕಡೆದಾಗ ಉಳಿದ ಲೋಹದ ಸುರುಳಿಯೊಂದು ಅಂಟಿಕೊಂಡಿತ್ತು, ಉಗುರಿನ ಉದ್ದ. ಚಿಮುಟಿಯಿಂದ ಎಳೆದು ಬಟ್ಟೆಯ ಮೇಲಿಟ್ಟೆ. ಚಕ್ರಗಳನ್ನು ಮತ್ತೆ ಕೂರಿಸಿ, ಮೇಲೆ ಉಕ್ಕಿನ ಪಟ್ಟಿ ಅಡ್ಡವಿಟ್ಟು ಸಂದಿ ಅಳೆಯುವ ಫಿಲ್ಲರ್ ಗೇಜಿನ ಎಲೆಗಳನ್ನು ತೂರಿಸಿ ನೋಡಿದೆ. ಹತ್ತರ ಎಲೆ ಬಿಗಿಯಾಗಿ ಹೋಗಬೇಕಾದ ಕಡೆ ಅದರ ಎರಡರಷ್ಟು ದಪ್ಪದ ಇಪ್ಪತ್ತರ ಎಲೆ ಆರಾಮಾಗಿ ಹೋಯಿತು. ಅಷ್ಟು ಸಂದಿಯಿದ್ದರೆ ಎಂಜಿನ್ ಬಿಸಿಯಾಗಿ ಎಣ್ಣೆ ತೆಳುವಾದಾಗ ಒತ್ತಡ ಎಲ್ಲಿಂದ ಬರಬೇಕು? ಕೊನೆಗೆ, ಒತ್ತಡ ಮಿತಿಮೀರಿದರೆ ಎಣ್ಣೆಯನ್ನು ಹಿಂದಕ್ಕೆ ಬಿಡುವ ಆ ಚಿಕ್ಕ ವಾಲ್ವನ್ನು ತಳ್ಳಿದೆ. ಅರ್ಧ ದಾರಿ ಹೋಗಿ ಕಚ್ಚಿಕೊಂಡಿತು. ಸ್ಪ್ರಿಂಗಿಗೂ ಅದನ್ನು ವಾಪಸು ತರಲಾಗಲಿಲ್ಲ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಫೋಟೊ ತೆಗೆಯಲಿಲ್ಲ.

ಆ ದಿನ, ಮರುದಿನ ಅದರ ಮೇಲೆಯೇ ಕೆಲಸ ಮಾಡಿದೆ. ಮೂಲೆಯ ಗಾಜಿನ ಅಂಗಡಿಯಿಂದ ದಪ್ಪ ಗಾಜಿನ ತುಂಡು ತಂದು, ಅದರ ಮೇಲೆ ಎಮರಿ ಪೇಪರ್ ಅಂಟಿಸಿ, ಪಂಪಿನ ಅಲ್ಯೂಮಿನಿಯಂ ಮೈಯನ್ನು ಎಣ್ಣೆ ಹಾಕಿ ಎಂಟರ ಅಂಕಿಯಂತೆ ತಿರುಗಿಸುತ್ತಾ ಉಜ್ಜಿದೆ. ಇಪ್ಪತ್ತು ಸುತ್ತು ಉಜ್ಜುವುದು, ತೊಳೆಯುವುದು, ಅಳೆಯುವುದು, ಮತ್ತೆ ಉಜ್ಜುವುದು. ಭುಜ ಹಿಡಿದುಕೊಂಡಿತು. ಹತ್ತರ ಎಲೆ ತಡೆತಡೆದು ಹೋಗುವಷ್ಟಕ್ಕೆ ನಿಲ್ಲಿಸಿದೆ. ಮುಚ್ಚಳವನ್ನೂ ಹಾಗೇ ಉಜ್ಜಿದೆ, ಅದರ ಒಳಮೈಯಲ್ಲಿದ್ದ ಗೀರುಗಳೂ ಹೋದವು. ವಾಲ್ವಿನ ಕೊಳವೆಯಲ್ಲಿ ಮುಳ್ಳಿನಷ್ಟು ಲೋಹ ಎದ್ದಿತ್ತು, ಕಡ್ಡಿಗೆ ನಯವಾದ ಕಾಗದ ಸುತ್ತಿ ಅದನ್ನು ತೆಗೆದೆ. ಆಮೇಲೆ ವಾಲ್ವು ತನ್ನ ಭಾರಕ್ಕೆ ತಾನೇ ಜಾರಿ ಕೆಳಗೆ ಬಂತು. ಎಣ್ಣೆಯ ದಾರಿಯಲ್ಲಿ ಎರಕದ ಏಣೊಂದು ಗೋಡೆಯ ಹಾಗೆ ನಿಂತಿತ್ತು, ಅದನ್ನು ಸಣ್ಣ ಅರದಿಂದ ಸವರಿದೆ. ಗ್ಯಾಸ್ಕೆಟ್ಟಿನ ತೂತು ಪಂಪಿನ ಬಾಯಿಗಿಂತ ಚಿಕ್ಕದಿತ್ತು, ಬ್ಲೇಡಿನಿಂದ ಸರಿಮಾಡಿದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೇ ಕಂಡುಕೊಂಡೆ. ನಿಮ್ಮ ಸರ್ ಗ್ಯಾಸ್ಕೆಟ್ಟಿನ ತೂತು ನೋಡುತ್ತಾರೋ ಇಲ್ಲವೋ ಕೇಳು. ನೋಡುವುದಿಲ್ಲ ಎಂದರೆ ನನಗೆ ತಿಳಿಸು. ನೋಡುತ್ತಾರೆ ಎಂದರೆ ತಿಳಿಸುವುದು ಬೇಡ.

ಇಷ್ಟಾದರೂ ಮನಸ್ಸು ಒಪ್ಪಲಿಲ್ಲ. ಈ ಒಂದು ಪಂಪು ಕೆಟ್ಟದಾಗಿ ಬಂದಿರಬೇಕು, ಎಲ್ಲವನ್ನೂ ಬಿಚ್ಚುವುದು ಕಾರ್ಖಾನೆಯವರ ಶೋಕಿ ಎಂದು ಯಾರಾದರೂ ಹಿರಿಯರು ಹೇಳಿದರೆ ಸಾಕಾಗಿತ್ತು. ಬುಧವಾರ ಸಂಜೆ ಫ್ರೇಜರ್ ಟೌನಿಗೆ, ಅಸ್ಗರ್ ಉಸ್ತಾದರ ಮನೆಗೆ ಹೋದೆ. ನನಗೆ ಕೆಲಸ ಕಲಿಸಿದ ಉಸ್ತಾದರು ಎಂದು ಅವರ ಹೆಸರನ್ನು ನೀನು ಕೇಳಿದ್ದೀಯ, ಆದರೆ ಮನೆಗೆ ನಿನ್ನನ್ನು ನಾನು ಕರೆದುಕೊಂಡು ಹೋಗಿರಲಿಲ್ಲ. ನಾನು ಅವರ ಗ್ಯಾರೇಜು ಬಿಟ್ಟು ಸ್ವಂತಕ್ಕೆ ಕೂತ ಮೇಲೆ ಹೋಗಿ ಬರುವುದು ಕಡಿಮೆಯಾಗಿತ್ತು. ಈಗ ಎಂಬತ್ತರ ಮೇಲಾಗಿದೆ, ಮಂಚದಿಂದ ಇಳಿಯುವುದಿಲ್ಲ. ಮಗಳು ಕಮರುನ್ನೀಸಾ ನೋಡಿಕೊಳ್ಳುತ್ತಾರೆ. ಅವರು ಚಹಾ ಕೊಟ್ಟು ಒಳಗೆ ಹೋದ ಮೇಲೆ ನಾನು ಪಂಪಿನ ಕಥೆ ಹೇಳಿ, ಪುಣೆಯ ಮೇಷ್ಟ್ರೊಬ್ಬರು ಹೊಸ ಪಂಪನ್ನೂ ಬಿಚ್ಚಬೇಕು ಅನ್ನುತ್ತಾರೆ, ನಾವು ಯಾವತ್ತಾದರೂ ಹಾಗೆ ಮಾಡಿದ್ದುಂಟೇ ಉಸ್ತಾದ್ ಎಂದು ಕೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ಉಸ್ತಾದರು, "ನಾನ್ ಬಿಚ್ತಿದ್ದೆ ಬೇಟಾ. ಹೊಸದಾಗ್ಲಿ, ಹಳೇದಾಗ್ಲಿ. ಒಂದೂ ಬಿಟ್ಟಿಲ್ಲ" ಎಂದರು. ಹನ್ನೊಂದು ವರ್ಷ ನಿಮ್ಮ ಪಕ್ಕದಲ್ಲಿ ನಿಂತಿದ್ದೆ, ಒಂದು ಸಲವೂ ನೋಡಲಿಲ್ಲವಲ್ಲ ಎಂದೆ. "ನೀನ್ ಊಟಕ್ಕೆ ಹೋದಾಗ ಬಿಚ್ತಿದ್ದೆ. ನೀನ್ ಬರೋದ್ರೊಳ್ಗೆ ಮುಚ್ತಿದ್ದೆ." ಯಾಕೆ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು: "ಗಿರಾಕಿಗಳು ಬಂದ್ರೆ ನನ್ನ ಕೇಳ್ತಿರ್ಲಿಲ್ಲ. ಹುಲಿಗೆಪ್ಪ ಎಲ್ಲಿ, ಹುಲಿಗೆಪ್ಪನ ಕೈಲೇ ಮಾಡ್ಸಿ ಅಂತಿದ್ರು. ಒಂದಾದ್ರೂ ನನ್ ಹತ್ರ ಇರ್ಲಿ ಅಂತ ಇಟ್ಕೊಂಡೆ. ಅದನ್ನೂ ಕೊಟ್ಬಿಟ್ರೆ ನೀನ್ ಹೋಗ್ಬಿಡ್ತೀಯ ಅಂತ. ಕೊಡ್ದೆ ಇದ್ರೂ ಹೋದೆ." ಅಷ್ಟು ಹೇಳಿ ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಚಹಾ ಆರಿಹೋಯಿತು.

ಉಸ್ತಾದರ ಎಂಜಿನ್ ಹದಿನೈದು ವರ್ಷ ಓಡುತ್ತದೆ, ಹುಲಿಗೆಪ್ಪನದು ಎಂಟು ವರ್ಷ ಎಂದು ಬೀದಿಯಲ್ಲಿ ಮಾತಿತ್ತು. ಅವರ ಕೈಗುಣ ಎಂದು ನಾನೂ ನಂಬಿದ್ದೆ. ನಡೆದುಕೊಂಡೇ ಮನೆಗೆ ಬಂದೆ. ದಾರಿಯುದ್ದಕ್ಕೂ ನನಗೆ ಸಿಟ್ಟು ಬಂದದ್ದು ಉಸ್ತಾದರ ಮೇಲಲ್ಲ. ಕೇಳಿದರೆ ನಿನಗೆ ಬೇಸರವಾಗಬಹುದು, ನಿನ್ನ ಮೇಲೆ ಬಂತು. ನಾನು ಹನ್ನೊಂದು ವರ್ಷ ಒಬ್ಬರ ಪಕ್ಕದಲ್ಲಿ ನಿಂತರೂ ಸಿಗದ ವಿದ್ಯೆಯನ್ನು ನಿನಗೆ ಒಬ್ಬರು ಮೊದಲನೇ ವಾರದಲ್ಲಿ, ಮೂವತ್ತು ಮಕ್ಕಳ ನಡುವೆ, ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಬಿಟ್ಟರು. ನೀನು ಅದನ್ನು ಫೋನಿನಲ್ಲಿ ಹವಾಮಾನ ಹೇಳಿದಷ್ಟು ಸುಲಭವಾಗಿ ನನಗೆ ಹೇಳಿದೆ. ನನಗೂ ಹಾಗೆ ಯಾರಾದರೂ ಹೇಳಿದ್ದರೆ ನಾನು ಎಂಥ ಕೆಲಸಗಾರ ಆಗಿರುತ್ತಿದ್ದೆ ಎಂದು ಅನ್ನಿಸಿತು. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ಅಪ್ಪ ಇರುತ್ತಾನೆಯೇ? ಇರುತ್ತಾನೆ. ಅವತ್ತು ಊಟ ಸೇರಲಿಲ್ಲ. ನಿಮ್ಮವ್ವ ಏನಾಯಿತೆಂದು ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದೆ.

ಗುರುವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದವನು ಮೊದಲು ಹಿಂದಿನ ಮೂಲೆಗೆ ಹೋಗಿ ಗುಜರಿ ಪೆಟ್ಟಿಗೆ ಎಳೆದೆ. ಮಾರುಕಟ್ಟೆಗೆ ತರಕಾರಿ ಸಾಗಿಸುತ್ತಿದ್ದ ಫಹೀಮನ ಪಿಕಪ್ಪಿನ ಪಂಪು ಅದರಲ್ಲಿತ್ತು. ಯುಗಾದಿಯ ಹೊತ್ತಿಗೆ ನಾವಿಬ್ಬರೇ ಕಟ್ಟಿದ ಎಂಜಿನ್ ಅದು, ನಿನಗೆ ನೆನಪಿದ್ದೇ ಇರುತ್ತದೆ. ಹನ್ನೊಂದೇ ದಿನಕ್ಕೆ ಕೆ.ಆರ್. ಪುರದ ತೂಗುಸೇತುವೆಯ ಮೇಲೆ ತರಕಾರಿ ಲೋಡಿನ ಸಮೇತ ಬಿಗಿದುಕೊಂಡು ನಿಂತುಹೋಯಿತು. ಎಳೆದು ತಂದು ಬಿಚ್ಚಿದರೆ ಬೇರಿಂಗುಗಳು ಕ್ರ್ಯಾಂಕಿಗೆ ಅಂಟಿ ಸುಟ್ಟುಹೋಗಿದ್ದವು. ಎಣ್ಣೆಯ ಕೆಂಪು ದೀಪ ಬಂದ ಕೂಡಲೇ ನಿಲ್ಲಿಸಿದೆ ಎಂದು ಫಹೀಮ್ ಆಣೆ ಮಾಡಿದ. ನಾನು ಬೀದಿಯವರೆಲ್ಲ ನೆರೆದಾಗ, "ದೀಪ ನೋಡ್ಕೊಂಡೇ ಓಡ್ಸಿದೀಯ, ಸುಳ್ಳು ಹೇಳ್ಬೇಡ" ಎಂದೆ. "ಫಹೀಮಣ್ಣ ಸುಳ್ಳು ಹೇಳೋರಲ್ಲ ಅಪ್ಪಾ" ಎಂದು ನೀನು ಮೆಲ್ಲಗೆ ಹೇಳಿದ್ದಕ್ಕೆ ನಿನ್ನನ್ನೂ ಗದರಿದೆ. ಅವನು ಆ ಗಾಡಿ ಮಾರಿದ. ರಸೆಲ್ ಮಾರುಕಟ್ಟೆಯ ವ್ಯಾಪಾರಿಗಳು ಅವನಿಗೆ ಲೋಡು ಕೊಡುವುದನ್ನು ಬಿಟ್ಟರು, ಎಂಜಿನ್ ಸುಟ್ಟ ಡ್ರೈವರ್ ಎಂಬ ಹೆಸರು ಅಂಟಿತು. ಈಗ ಬೇರೆಯವರ ಗಾಡಿ ಓಡಿಸುತ್ತಾನೆ. ಆ ಪಂಪನ್ನು ಅವತ್ತು ನಾನು ಬಿಚ್ಚಿರಲಿಲ್ಲ, ಹೊಸದಲ್ಲವೇ ಎಂದು ಪೆಟ್ಟಿಗೆಗೆ ಎಸೆದಿದ್ದೆ. ಈಗ ಬಿಚ್ಚಿದೆ. ವಾಲ್ವು ಪೂರ್ತಿ ತೆರೆದ ಸ್ಥಿತಿಯಲ್ಲಿ ಕಚ್ಚಿಕೊಂಡಿತ್ತು, ಮೈಮೇಲೆ ಉದ್ದಕ್ಕೆ ಗೀರು, ಗೀರಿನ ಕೊನೆಯಲ್ಲಿ ಸಾಸಿವೆಯಷ್ಟು ಲೋಹದ ಚೂರು. ಎತ್ತಿದ ಎಣ್ಣೆಯೆಲ್ಲ ಬೇರಿಂಗಿಗೆ ಹೋಗದೆ ವಾಪಸು ಕೆಳಗಿನ ಎಣ್ಣೆಯ ಚೇಂಬರಿಗೇ ಸುರಿದಿದೆ. ದೀಪ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಫಹೀಮ್ ನಿಲ್ಲಿಸಿದ್ದು ನಿಜ.

ಎರಡು ದಿನ ಒದ್ದಾಡಿ ಶನಿವಾರ ಬೆಳಿಗ್ಗೆ ರಸೆಲ್ ಮಾರುಕಟ್ಟೆಗೆ ಹೋದೆ. ಅವನು ಕೋಸಿನ ಮೂಟೆ ಇಳಿಸುತ್ತಿದ್ದ. ಪಂಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಪಕ್ಕಕ್ಕೆ ಬಾ, ಒಂದು ಮಾತಿದೆ ಎಂದೆ. "ಏನಣ್ಣಾ, ಈಗ್ ನೆನಪಾಯ್ತಾ?" ಎಂದು ಮೂಟೆ ಎತ್ತಿದ. ಪಂಪು ತೆಗೆದು ತೋರಿಸಿ, ತಪ್ಪು ನಿನ್ನದಲ್ಲ, ನನ್ನದು, ಕೂಡಿಸುವ ಮೊದಲು ನಾನು ಇದನ್ನು ನೋಡಬೇಕಿತ್ತು ಎಂದು ಅವನಿಗೆ ಮಾತ್ರ ಕೇಳುವಂತೆ ಹೇಳಿದೆ. ಅವನು ವಾಲ್ವನ್ನು ಬೆರಳಿನಿಂದ ತಳ್ಳಿ ನೋಡಿದ, ಅಲುಗಲಿಲ್ಲ. "ಅವತ್ತು ಎಲ್ರ ಮುಂದೆ ಅಂದ್ರಿ. ಇವತ್ತೂ ಎಲ್ರ ಮುಂದೇನೇ ಅನ್ನಿ" ಎಂದ. ಹಮಾಲರು, ತರಕಾರಿಯವರು, ಹೂವಿನವರು ಎಲ್ಲರೂ ಇದ್ದರು ಅವ್ವಾ. ಆದರೂ ಹೇಳಿದೆ. ಫಹೀಮ್ ದೀಪ ಕಂಡ ಕೂಡಲೇ ಗಾಡಿ ನಿಲ್ಲಿಸಿದ್ದ, ಎಂಜಿನ್ ಸುಟ್ಟದ್ದು ನಾನು ಪಂಪು ನೋಡದೆ ಕೂಡಿಸಿದ್ದರಿಂದ, ಅವನನ್ನು ಸುಳ್ಳುಗಾರ ಎಂದದ್ದು ನಾನು. ಒಬ್ಬಿಬ್ಬರು ಕೆಲಸ ನಿಲ್ಲಿಸಿ ಕೇಳಿದರು, ಉಳಿದವರು ತಮ್ಮ ಪಾಡಿಗೆ ತೂಕ ಹಾಕುತ್ತಿದ್ದರು. ಮುಗಿದ ಮೇಲೆ ಫಹೀಮ್ ಕ್ಷಮಿಸಿದೆ ಎನ್ನಲಿಲ್ಲ. ಮೂಟೆಯ ಒಂದು ತುದಿ ತೋರಿಸಿ, "ಹಿಡೀರಿ" ಎಂದ. ನಾವಿಬ್ಬರೂ ಸೇರಿ ಒಂಬತ್ತು ಮೂಟೆ ಇಳಿಸಿದೆವು. ಹೊಸದಾಗಿ ಗಾಡಿ ತಗೊಂಡರೆ ಎಂಜಿನ್ ನಾನು ನೋಡಿಕೊಡುತ್ತೇನೆ ಎಂದಾಗ, "ನೋಡೋಣ, ಸೌಂದರ್ಯಾ ಬಂದ್ಮೇಲೆ ತರ್ತೀನಿ" ಎಂದ. ನನ್ನ ಗ್ಯಾರೇಜು, ನನ್ನ ಗಿರಾಕಿ, ಅವನು ಕಾಯುವುದು ನಿನಗೆ! ಮೊಣಕಾಲಿನ ನೋವಿನ ಜೊತೆ ಅದನ್ನೂ ಹೊತ್ತುಕೊಂಡು ಬಂದೆ.

ನಿನ್ನೆ ಮಾರಿಯಾ ಆಂಟಿಯ ವ್ಯಾನಿಗೆ ಪಂಪು ಕೂಡಿಸಿದೆ. ಮೊದಲು ಬೇಸಿನ್ನಿನಲ್ಲಿ ಎಣ್ಣೆ ಹಾಕಿ ಪಂಪು ಮುಳುಗಿಸಿ ಕೈಯಲ್ಲೇ ತಿರುಗಿಸಿದೆ. ಎರಡನೇ ಸುತ್ತಿಗೆ ಎಣ್ಣೆ ಚಿಮ್ಮಿ ನನ್ನ ಅಂಗಿಯೆಲ್ಲ ಒದ್ದೆ. ಎಂಜಿನ್ ಚಾಲೂ ಮಾಡಿದ ಎರಡು ಸೆಕೆಂಡಿಗೆ ದೀಪ ಆರಿತು. ಒಂದು ಗಂಟೆ ಓಡಿಸಿ, ಚೆನ್ನಾಗಿ ಬಿಸಿಯಾದ ಮೇಲೆ ಒತ್ತಡದ ಮೀಟರು ಹಚ್ಚಿ ನೋಡಿದೆ. ಈ ಜಾತಿಯ ಎಂಜಿನ್ನಿನಲ್ಲಿ ನಾನು ಇಷ್ಟು ವರ್ಷದಲ್ಲಿ ಕಾಣದಷ್ಟು ಮೇಲಿತ್ತು ಮುಳ್ಳು, ಅಲುಗಾಡದೆ ನಿಂತಿತ್ತು. ಮಾರಿಯಾ ಆಂಟಿ ಒಂದು ಸುತ್ತು ಹೊಡೆದು ಬಂದು, "ಸದ್ದೇ ಇಲ್ವಲ್ಲಪ್ಪಾ! ಏನ್ ಮಾಡ್ದೆ?" ಎಂದರು. ಪುಣೆಯಿಂದ ಮಗಳು ಹೇಳಿಕೊಟ್ಟಳು ಎಂದು ಹೇಳಬೇಕಿತ್ತು. ಸ್ವಲ್ಪ ಪಂಪಿನ ಕೆಲಸ ಇತ್ತು ಮೇಡಂ ಎಂದೆ. ಅಷ್ಟೇ ಬಂತು ಬಾಯಲ್ಲಿ.

ನಿನ್ನ ಕೈಬೆರಳು ಜೋಪಾನ. ಬೆಳಿಗ್ಗೆ ಏನಾದರೂ ತಿಂದೇ ಕೆಲಸಕ್ಕೆ ಹೋಗು. ರಾತ್ರಿ ಓದುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಪಕ್ಕದ ಮನೆಯವರು, ಬೇಕರಿಯವರು ಎಲ್ಲರೂ ನಿನ್ನನ್ನು ಕೇಳುತ್ತಾರೆ. ನಿಮ್ಮವ್ವ ಈಗ ತಾನೆ ಕೆಲಸದಿಂದ ಬಂದು, ಮಗಳಿಗೆ ನನ್ನದೂ ಒಂದು ಮುತ್ತು ಬರೀರಿ ಎನ್ನುತ್ತಿದ್ದಾಳೆ. ಹುಲಿಗೆಮ್ಮ ತಾಯಿ ನಿನ್ನ ಬೆನ್ನ ಹಿಂದೆ ಇರಲಿ.

ನಿನ್ನ ಅಪ್ಪ,
ಹುಲಿಗೆಪ್ಪ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇದರ ಜೊತೆ ಇನ್ನೊಂದು ಲಕೋಟೆ ಇಟ್ಟಿದ್ದೇನೆ. ಅದು ನಿನ್ನದು. ನವೆಂಬರ್ ಇಪ್ಪತ್ತರಂದು ಕಾರ್ಖಾನೆಯಿಂದ ನಿನ್ನ ಹೆಸರಿಗೆ ಮನೆಯ ವಿಳಾಸಕ್ಕೆ ರಿಜಿಸ್ಟರ್ ಬಂತು. ಸಹಿ ಹಾಕಿ ತೆಗೆದುಕೊಂಡವನು ನಾನು, ಒಡೆದು ಓದಿದವನೂ ನಾನು. ಮೂವತ್ತು ಜನರಲ್ಲಿ ಐವರನ್ನು ಕಾಯಂ ಮಾಡಿಕೊಳ್ಳುತ್ತಾರಂತೆ, ಮಧುಕರ್ ಸರ್ ವಿಭಾಗದಲ್ಲೇ. ನಿನ್ನ ಹೆಸರು ಎರಡನೆಯದು. ಕೆಳಗೆ ಅವರದೇ ಸಹಿ. ಒಪ್ಪಿಗೆ ಈ ತಿಂಗಳ ಇಪ್ಪತ್ತನೇ ತಾರೀಕಿನೊಳಗೆ ಕೊಡಬೇಕು, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ. ಪೋಸ್ಟು ಏನಾದರೂ ಬಂತಾ ಅಪ್ಪಾ ಎಂದು ನೀನು ಎರಡು ಭಾನುವಾರ ಕೇಳಿದೆ, ಎರಡು ಸಲವೂ ಇಲ್ಲ ಎಂದೆ. ಹಾಗಾದ್ರೆ ನನ್ ಹೆಸ್ರು ಬಂದಿಲ್ಲ, ಬಂದ್ಬಿಡ್ತೀನಿ ಅಪ್ಪಾ ಎಂದಾಗ ನಿನ್ನ ದನಿ ಒಡೆದಿತ್ತು, ಅದು ನನಗೆ ಕೇಳಿಸಿತು. ಕೇಳಿಸಿಯೂ ಮರುದಿನ ಗ್ಯಾರೇಜಿನ ಹಿಂದಿನ ಗೋಡೆಯ ಹತ್ತಿರ ನಿನಗೊಂದು ಬೆಂಚು ಹಾಕಿಸಲು ಅಳತೆ ತೆಗೆದೆ. ನಿಮ್ಮವ್ವನಿಗೆ ಇವತ್ತಿನ ತನಕ ಗೊತ್ತಿರಲಿಲ್ಲ. ಈಗ ಹೇಳಿದೆ, ಅವಳು ನನ್ನ ಜೊತೆ ಮಾತಾಡುತ್ತಿಲ್ಲ. ಈ ಕಾಗದದ ಫೋಟೊ ತೆಗೆದು ಕಳಿಸಿದ್ದರೆ ನೀನು ಕೂಡಲೇ ಫೋನ್ ಮಾಡುತ್ತಿದ್ದೆ, ನಿನ್ನ ದನಿ ಕೇಳುವ ಧೈರ್ಯ ನನಗಿರಲಿಲ್ಲ. ಸ್ಪೀಡ್ ಪೋಸ್ಟು ಶುಕ್ರವಾರ ತಲುಪುತ್ತದೆ ಎಂದಿದ್ದಾರೆ. ನಾನು ಸಂತೋಷದಿಂದ ಕಳಿಸುತ್ತಿದ್ದೇನೆ ಎಂದು ತಿಳಿಯಬೇಡ, ಕೊಡಲು ಈಗಲೂ ಮನಸ್ಸಿಲ್ಲ. ಆದರೂ ಇದು ನಿನ್ನದು. ಮೊದಲು ಸಹಿ ಹಾಕಿ ನಿಮ್ಮ ಸರ್ ಕೈಗೆ ಕೊಡು. ಆಮೇಲೆ ಫೋನ್ ಮಾಡಿ ನನಗೆ ಬೈ. ಎಷ್ಟು ಹೊತ್ತಾದರೂ ಕೇಳುತ್ತೇನೆ, ನಿಮ್ಮವ್ವನಿಗೆ ಫೋನ್ ಕೊಡುವುದಿಲ್ಲ.